ಹುಲ್ಲಿನ ಔಷಧಿ ಹೊಟ್ಟೆಗೆ ಹೋದಾಗ: ಪದೇ ಪದೇ ಕೇಳೋ ಪ್ರಶ್ನೆಗಳು

ಸುಮಾರು ವರ್ಷ ಕ್ಯಾಶುವಾಲ್ಟಿ ಡ್ಯೂಟಿ ಮಾಡಿದೋನು ನಾನು. ಐಸಿಯು ಬಾಗಿಲ ಮುಂದೆ, ಊರಿಗೆ ಹೋದಾಗ ಕಟ್ಟೆ ಮೇಲೆ, ರಾತ್ರಿ ಹನ್ನೊಂದಕ್ಕೆ ವಾಟ್ಸಾಪಲ್ಲಿ, ಕೇಳಿದ್ದನ್ನೇ ಜನ ಮತ್ತೆ ಮತ್ತೆ ಕೇಳ್ತಾರೆ, ಅದಕ್ಕೆ ಒಂದು ಕಡೆ ಬರೆದಿಟ್ಟಿದೀನಿ. ಈಗ ನಿಮ್ಮ ಮನೇಲೇ ಯಾರಾದ್ರೂ ಹುಲ್ಲಿನ ಔಷಧಿ, ಅಂದ್ರೆ ಹೊಲದ ಕಳೆ ಸಾಯಿಸೋ ಕಳೆನಾಶಕ, ಕುಡಿದಿದ್ರೆ ಇದನ್ನ ಓದ್ತಾ ಕೂರ್ಬೇಡಿ. 108ಕ್ಕೆ ಫೋನ್ ಮಾಡಿ, ಬಾಟ್ಲಿ ಎತ್ಕೊಂಡು ಹೊರಡಿ, ಗಾಡೀಲಿ ಕೂತ್ಮೇಲೆ ಎರಡನೇ ಪ್ರಶ್ನೆ ಓದಿ ಸಾಕು.

## ಮೊದಲು ಇಷ್ಟು

ಕಳೆನಾಶಕ ಆದ್ರೇನು ಕೀಟನಾಶಕ ಆದ್ರೇನು ಸಾರ್, ಎರಡೂ ವಿಷಾನೇ ಅಲ್ವಾ?

ವಿಷಾನೇ, ಆದ್ರೆ ಚಿಕಿತ್ಸೆ ಪೂರ್ತಿ ಬೇರೆ. ನಮ್ಮಲ್ಲಿ ಗೊಂದಲ ಶುರುವಾಗೋದು ಮಾತಿನಿಂದ್ಲೇ. ಮೈಸೂರು ಕಡೆ ಎಲ್ಲಾದಕ್ಕೂ ಔಷಧಿ ಅಂತಾರೆ, ಮಲೆನಾಡಲ್ಲಿ ಮದ್ದು, ಹಾವೇರಿ ಧಾರವಾಡ ಕಡೆ ಹೋದ್ರೆ ಎಣ್ಣಿ. "ಎಣ್ಣಿ ಕುಡದಾನ್ರೀ" ಅಂತ ಕರ್ಕೊಂಡು ಬಂದ್ರೆ ಬೆಂಗಳೂರಿಂದ ಬಂದ ಹೊಸ ಡಾಕ್ಟರು ಬ್ರಾಂದಿ ಕುಡಿದಿದಾನೆ ಅಂದ್ಕೊಂಡಿದ್ದನ್ನ ನಾನೇ ನೋಡಿದೀನಿ.

ಹುಳಕ್ಕೆ ಹೊಡಿಯೋ ಆರ್ಗನೋಫಾಸ್ಫೇಟ್ ಕುಡಿದೋರಿಗೆ ಬೆವರು ಸುರಿಯುತ್ತೆ, ಬಾಯಿಂದ ನೊರೆ ಬರುತ್ತೆ, ಕಣ್ಣಿನ ಪಾಪೆ ಸೂಜಿಮೊನೆ ಥರ ಸಣ್ಣಗಾಗುತ್ತೆ, ಅದಕ್ಕೆ ಅಟ್ರೋಪಿನ್ ಇಂಜೆಕ್ಷನ್ ಇದೆ, ಟೈಮಿಗೆ ಸರಿಯಾಗಿ ಕೊಟ್ರೆ ಜೀವ ಉಳಿಸುತ್ತೆ. ಹುಲ್ಲಿನ ಔಷಧಿಗೆ ಅಟ್ರೋಪಿನ್‌ದು ಏನೂ ಕೆಲಸ ಇಲ್ಲ. ಏನು ಕುಡಿದಿದ್ದಾರೆ ಅಂತ ಗೊತ್ತಿಲ್ದೆ ಸುಮ್ನೆ ಅಟ್ರೋಪಿನ್ ಏರಿಸಿದ್ರೆ ಬಾಯಿ ಒಣಗಿ, ಎದೆ ಓಡಿ, ಪೇಷಂಟ್ ಇಲ್ಲದ್ದನ್ನ ಹಿಡಿಯೋಕೆ ಗಾಳಿಲಿ ಕೈ ಆಡಿಸ್ತಾ ಕೂರ್ತಾರೆ ಅಷ್ಟೇ. ಇನ್ನೊಂದು, ಕಳೆನಾಶಕ ಅನ್ನೋದೂ ಒಂದೇ ವಿಷ ಅಲ್ಲ. ಒಂದು ಶ್ವಾಸಕೋಶ ತಿನ್ನುತ್ತೆ, ಒಂದು ಬಿಪಿ ಬೀಳಿಸುತ್ತೆ, ಇನ್ನೊಂದು ಮರುದಿನ ಫಿಟ್ಸ್ ತರುತ್ತೆ. ಅದಕ್ಕೇ ನಾವು ಬಾಟ್ಲಿ ಬಾಟ್ಲಿ ಅಂತ ಬಡ್ಕೊಳೋದು.

ಈಗಷ್ಟೇ ಕುಡಿದಿದ್ದಾರೆ, ದೊಡ್ಡಾಸ್ಪತ್ರೆ ದೂರ ಇದೆ, ದಾರೀಲಿ ಏನ್ ಮಾಡ್ಲಿ?

ಬಾಯಲ್ಲಿ ಉಳಿದಿದ್ರೆ ಉಗುಳಿಸಿ ನೀರಲ್ಲಿ ಬಾಯಿ ಮುಕ್ಕಳಿಸೋಕೆ ಹೇಳಿ. ಬಟ್ಟೆ ಮೇಲೆ ಚೆಲ್ಲಿದ್ರೆ ಬಟ್ಟೆ ತೆಗೆದು ಮೈಯನ್ನ ಸೋಪು ನೀರಲ್ಲಿ ತೊಳೀರಿ, ತೊಳೆಯೋರು ಕೈಗೆ ಪ್ಲಾಸ್ಟಿಕ್ ಕವರಾದ್ರೂ ಹಾಕ್ಕೊಳ್ಳಿ. ಮಂಪರಲ್ಲಿದ್ರೆ ಎಡಗಡೆ ಮಗ್ಗುಲಿಗೆ ಮಲಗಿಸಿ, ವಾಂತಿ ಬಂದ್ರೆ ಹೊರಗೆ ಹೋಗ್ಲಿ, ಉಸಿರಿನ ಕೊಳವೆಗೆ ಇಳಿಯೋದು ಬೇಡ. ಬಾಟ್ಲಿ ಸಿಕ್ರೆ ಕವರಲ್ಲಿ ಹಾಕಿ ತನ್ನಿ, ಸಿಗ್ಲಿಲ್ಲಾಂದ್ರೆ ಅಂಗಡಿಯೋನಿಗೆ ಫೋನ್ ಮಾಡಿ ಏನು ಕೊಟ್ಟಿದ್ದೆ ಅಂತ ಕೇಳಿ, ಲೇಬಲ್ ಫೋಟೋ ತರಿಸ್ಕೊಳ್ಳಿ. ಕುಡಿದ ಟೈಮ್ ಗಡಿಯಾರ ನೋಡಿ ಬರೆದಿಡಿ, "ಮಧ್ಯಾಹ್ನ ಊಟ ಆದ್ಮೇಲೆ" ಅಂದ್ರೆ ನಮಗೆ ಉಪಯೋಗ ಇಲ್ಲ.

ಹತ್ತಿರದಲ್ಲಿ ತಾಲ್ಲೂಕು ಆಸ್ಪತ್ರೆ ಇದ್ರೆ ಮೊದಲು ಅಲ್ಲಿಗೇ ಹೋಗಿ. ಅಲ್ಲಿ ಇದ್ದಿಲ ಪುಡಿ, ಅಂದ್ರೆ ಆಕ್ಟಿವೇಟೆಡ್ ಚಾರ್ಕೋಲ್, ಕುಡಿಸಿ ಡ್ರಿಪ್ ಹಾಕಿ ಮುಂದೆ ಕಳಿಸ್ತಾರೆ. ಅದು ಕೆಲಸ ಮಾಡೋದು ಮೊದಲ ಒಂದೆರಡು ಗಂಟೆ ಮಾತ್ರ. ಅಲ್ಲಿಯ ಡಾಕ್ಟರಿಗೆ ಡೌಟ್ ಇದ್ರೆ ದಿಲ್ಲಿ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡ್ಬಹುದು, 1800 116 117, ಜನಸಾಮಾನ್ಯರೂ ಮಾಡ್ಬಹುದು.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ವಿ, ಒಳ್ಳೇದೇ ಅಲ್ವಾ?

ಅಲ್ಲ. ಉಪ್ಪುನೀರು, ಹುಣಸೆಹಣ್ಣಿನ ನೀರು, ಸೋಪಿನ ನೀರು, ಸಗಣಿ ನೀರು, ಹಸಿ ಮೊಟ್ಟೆ, ಹಾಲು, ಎಲ್ಲಾ ನೋಡಿದೀನಿ ನಾನು, ಒಂದ್ಸಲ ಕೋಳಿ ಪುಕ್ಕ ಗಂಟಲಿಗೆ ಹಾಕಿದೋರೂ ಬಂದಿದ್ರು. ಈ ಔಷಧಿಗಳು ಇಳಿಯುವಾಗ ಒಂದ್ಸಲ ಅನ್ನನಾಳ ಸುಡ್ತವೆ, ನೀವು ವಾಂತಿ ಮಾಡಿಸಿದ್ರೆ ಹತ್ತುವಾಗ ಇನ್ನೊಂದ್ಸಲ ಸುಡ್ತವೆ. ಅದಕ್ಕಿಂತ ದೊಡ್ಡ ಭಯ ಏನಂದ್ರೆ ವಾಂತಿ ಶ್ವಾಸಕೋಶಕ್ಕೆ ಹೋಗೋದು, ಗ್ಲೈಫೋಸೇಟ್ (ರೌಂಡಪ್ ಅನ್ನೋ ಹೆಸರಲ್ಲಿ ಬರೋ ಕಳೆನಾಶಕ) ಥರದ ನೊರೆ ಬರೋ ಔಷಧಿಲಿ ಕುಡಿದಿದ್ದಕ್ಕಿಂತ ಆಮೇಲೆ ಬರೋ ನ್ಯುಮೋನಿಯಾನೇ ಕೆಲವರನ್ನ ಐಸಿಯುಗೆ ಕಳಿಸುತ್ತೆ. ಉಪ್ಪು ಜಾಸ್ತಿ ಕುಡಿಸಿ ಸೋಡಿಯಂ ಏರಿ ಫಿಟ್ಸ್ ಬರೋದೂ ಉಂಟು. ತಾನಾಗೇ ವಾಂತಿ ಆದ್ರೆ ಆಗ್ಲಿ ಬಿಡಿ. ಮಾಡಿಸಿಬಿಟ್ಟಿದ್ರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ, ನಾವು ಯಾರೂ ಬೈಯಲ್ಲ (ಬೈದ್ರೂ ಒಂದು ನಿಮಿಷ).

ಆರಾಮಾಗಿ ಮಾತಾಡ್ತಾ ಕೂತಿದ್ದಾನೆ, ಒಂದು ಗುಟುಕು ಬಾಯಿಗೆ ಹಾಕಿ ಉಗುಳಿದೆ ಅಂತಾನೆ. ಅಡ್ಮಿಷನ್ ಯಾಕೆ ಬೇಕು?

ಈ ಪ್ರಶ್ನೆ ಕೇಳಿದ್ರೆ ನನಗೆ ಹೊಟ್ಟೆ ತೊಳಸುತ್ತೆ. ಕೀಟನಾಶಕ ಕುಡಿದೋನು ಅರ್ಧ ಗಂಟೇಲಿ ನೊರೆ ಕಾರ್ತಾ ಬೀಳ್ತಾನೆ, ನೋಡಿದ ತಕ್ಷಣ ಎಲ್ಲರೂ ಓಡಾಡ್ತಾರೆ. ಹುಲ್ಲಿನ ಔಷಧಿ ಹಾಗಲ್ಲ. ಎರಡು ವಾಂತಿ, ಸ್ವಲ್ಪ ಗಂಟಲು ಉರಿ, ಆಮೇಲೆ ಪೇಷಂಟ್ ಎದ್ದು ಕೂತು ಕಾಫಿ ಕೇಳ್ತಾನೆ. ಮನೆಯವರು ಅಬ್ಬಾ ಬದುಕಿದ ಅಂತ ಸಹಿ ಹಾಕಿ ಕರ್ಕೊಂಡು ಹೋಗ್ತಾರೆ, ಮೂರನೇ ದಿನ ಮೂತ್ರ ಬರ್ತಿಲ್ಲ ಅಂತ ವಾಪಸ್ ಬರ್ತಾರೆ, ಆಗ ಮೊದಲ ದಿನ ಮಾಡ್ಬಹುದಾಗಿದ್ದು ಯಾವುದೂ ಉಳಿದಿರಲ್ಲ.

ಎಷ್ಟು ಕುಡಿದೆ ಅನ್ನೋ ಮಾತನ್ನೂ ಪೂರ್ತಿ ನಂಬೋಕಾಗಲ್ಲ, ಅಪ್ಪನ ಮುಂದೆ ಒಂದು ಹೇಳ್ತಾರೆ, ಸಿಸ್ಟರ್ ಮುಂದೆ ಇನ್ನೊಂದು. ಏನು ಕುಡಿದಿದ್ದಾರೆ ಅಂತ ಖಚಿತ ಆಗೋವರೆಗೆ, ಕಿಡ್ನಿ ಟೆಸ್ಟ್ ಒಂದಕ್ಕಿಂತ ಹೆಚ್ಚು ಸಲ ಸರಿ ಬರೋವರೆಗೆ ಬೆಡ್ ಬಿಡ್ಬೇಡಿ.

ಲೇಬಲ್ ಮೇಲೆ ಹಸಿರು ತ್ರಿಕೋನ ಇತ್ತು, ಅಂದ್ರೆ ಸೇಫ್ ತಾನೇ?

ಆ ತ್ರಿಕೋನಗಳು ಕೀಟನಾಶಕ ಕಾಯ್ದೆ ಪ್ರಕಾರ ಹಾಕೋದು, ಕೆಂಪು ಅತಿ ವಿಷ, ಹಳದಿ ಹೆಚ್ಚು ವಿಷ, ಆಮೇಲೆ ನೀಲಿ, ಕೊನೆಗೆ ಹಸಿರು. ಆದ್ರೆ ಈ ಲೆಕ್ಕ ಪ್ರಾಣಿ ಪ್ರಯೋಗದಿಂದ ಬಂದಿರೋದು, ಮನುಷ್ಯ ಕುಡಿದ್ರೆ ಆಸ್ಪತ್ರೇಲಿ ಉಳಿಸೋಕಾಗುತ್ತಾ ಇಲ್ವಾ ಅನ್ನೋದು ಅದರಲ್ಲಿ ಇಲ್ಲ. ಪ್ರತಿವಿಷವೇ ಇಲ್ಲದ ಪ್ಯಾರಾಕ್ವಾಟ್ ಅನ್ನೋ ಕಳೆನಾಶಕಕ್ಕೆ ಕೆಂಪು ಕೂಡ ಇಲ್ಲ, ಹಳದಿ. ವಿಶ್ವ ಆರೋಗ್ಯ ಸಂಸ್ಥೆ ಪಟ್ಟೀಲೂ ಅದು "ಮಧ್ಯಮ ಅಪಾಯ"ದ ಸಾಲಲ್ಲೇ ಇದೆ. ವಾರ್ಡಲ್ಲಿ ನಿಂತು ನೋಡಿದೋರು ಯಾರೂ ಆ ಮಾತು ಒಪ್ಪಲ್ಲ. ತ್ರಿಕೋನ ಬಿಡಿ, ಅದರ ಪಕ್ಕದಲ್ಲಿ ಸಣ್ಣಕ್ಷರದಲ್ಲಿರೋ ಕೆಮಿಕಲ್ ಹೆಸರು ಓದಿ.

ಔಷಧಿ ಹೊಡಿಯುವಾಗ ಟ್ಯಾಂಕ್ ಸೋರಿ ಬೆನ್ನೆಲ್ಲಾ ನೆನೀತು, ಇದಕ್ಕೂ ಆಸ್ಪತ್ರೆಗೆ ಹೋಗ್ಬೇಕಾ?

ಚರ್ಮ ಚೆನ್ನಾಗಿದ್ರೆ ಬಹುತೇಕ ಕಳೆನಾಶಕ ಒಳಗೆ ಜಾಸ್ತಿ ಹೋಗಲ್ಲ, ತಕ್ಷಣ ಬಟ್ಟೆ ಬಿಚ್ಚಿ ಸೋಪು ಹಾಕಿ ಸ್ನಾನ ಮಾಡಿದ್ರೆ ಸಾಮಾನ್ಯವಾಗಿ ಉರಿ, ಕೆಂಪಗಾಗೋದು ಇಷ್ಟರಲ್ಲೇ ಮುಗಿಯುತ್ತೆ. ಆದ್ರೆ ಪ್ಯಾರಾಕ್ವಾಟ್ ಟ್ಯಾಂಕ್ ಸೋರಿ, ಅದೇ ಒದ್ದೆ ಬಟ್ಟೇಲಿ ಸಂಜೆ ತನಕ ಕೆಲಸ ಮಾಡಿ, ಚರ್ಮ ಸುಟ್ಟು ಬೊಬ್ಬೆ ಎದ್ದು, ಆ ಗಾಯದ ಮೂಲಕ ಒಳಗೆ ಹೋಗಿ ಸತ್ತವರಿದ್ದಾರೆ. ಬೆನ್ನು, ತೊಡೆ ಸಂದು, ವೃಷಣದ ಹತ್ರ ಸುಟ್ಟಂಗಾಗಿದ್ರೆ ನಾಚಿಕೆ ಬಿಟ್ಟು ಅವತ್ತೇ ತೋರಿಸಿ. ಬರೀ ಕೈಯಲ್ಲಿ ಬೆರೆಸೋರಿಗೆ ಉಗುರು ಬೆಳ್ಳಗಾಗಿ ಉದುರೋದು, ಮೂಗಲ್ಲಿ ರಕ್ತ ಬರೋದು ಗೊತ್ತಿರೋ ವಿಷಯ. ಕಣ್ಣಿಗೆ ಬಿದ್ರೆ 15-20 ನಿಮಿಷ ಹರಿಯೋ ನೀರಲ್ಲಿ ತೊಳೀರಿ, ಆಮೇಲೆ ಕಣ್ಣಿನ ಡಾಕ್ಟರ್.

ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿಕೆ, ಗ್ಯಾಸ್ಟ್ರಿಕ್ ಅಂತ ಹೇಳ್ಬಿಡ್ಲಾ?

ದಯವಿಟ್ಟು ಬೇಡ. ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಅಂತ ಒಂದು ಎಂಟ್ರಿ ಆಗುತ್ತೆ, ಠಾಣೆಗೆ ಮಾಹಿತಿ ಹೋಗುತ್ತೆ, ಹೇಳಿಕೆ ತಗೋತಾರೆ, ಅಷ್ಟೇ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಇಂಥಾ ಪ್ರಯತ್ನ ಮಾಡಿದೋರು ತೀವ್ರ ಒತ್ತಡದಲ್ಲಿದ್ರು ಅಂತಾನೇ ಭಾವಿಸ್ಬೇಕು, ಶಿಕ್ಷೆ ಕೊಡೋ ಹಾಗಿಲ್ಲ. ಆತ್ಮಹತ್ಯೆ ಪ್ರಯತ್ನಕ್ಕೆ ಶಿಕ್ಷೆ ಹೇಳ್ತಿದ್ದ ಹಳೇ ಐಪಿಸಿಯ 309ನೇ ಸೆಕ್ಷನ್ 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೇಲಿ ಇಲ್ವೇ ಇಲ್ಲ. ಇನ್ನು "ಪೊಲೀಸ್ ಬರ್ಲಿ ಆಮೇಲೆ ನೋಡ್ತೀವಿ" ಅಂತ ಆಸ್ಪತ್ರೆಯೋರು ಅಂದ್ರೆ ಅದು ತಪ್ಪು, ಮೊದಲು ಚಿಕಿತ್ಸೆ ಆಮೇಲೆ ಕಾಗದ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಕೇಸಲ್ಲಿ ಹೇಳಿದೆ. ಗ್ಯಾಸ್ಟ್ರಿಕ್ ಅಂತ ಹೇಳಿ ಪ್ಯಾಂಟೋಪ್ (ಗ್ಯಾಸ್ಟ್ರಿಕ್ ಔಷಧಿ) ಹಾಕಿಸ್ಕೊಂಡು ಮನೆಗೆ ಹೋದ್ರೆ, ಸಹಿ ಹಾಕಿ ಕರ್ಕೊಂಡು ಹೋದೋರ ಕಥೆ ಮೇಲೆ ಹೇಳಿದ್ನಲ್ಲ, ಅದೇ ಆಗುತ್ತೆ.

## ಯಾವ ಬಾಟ್ಲಿ ಏನು ಮಾಡುತ್ತೆ

ಪ್ಯಾರಾಕ್ವಾಟ್ ಅಂದ ತಕ್ಷಣ ಡಾಕ್ಟರ ಮುಖ ಯಾಕೆ ಹಾಗಾಗುತ್ತೆ?

ಯಾಕಂದ್ರೆ ಇದಕ್ಕೆ ಪ್ರತಿವಿಷ ಇಲ್ಲ. 1962ರಲ್ಲಿ ಮಾರುಕಟ್ಟೆಗೆ ಬಂದ ಔಷಧಿ ಇದು, ಗ್ರಾಮೋಕ್ಸೋನ್ ಅನ್ನೋ ಹೆಸರು ಹಳಬರಿಗೆಲ್ಲಾ ಗೊತ್ತು, ನಮ್ಮಲ್ಲಿ 24% ದ್ರವ ಬೇರೆ ಬೇರೆ ಕಂಪನಿ ಹೆಸರಲ್ಲಿ ಸಿಗುತ್ತೆ. ಆಸ್ಪತ್ರೆಗೆ ಬಂದೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉಳಿಯಲ್ಲ ಅನ್ನೋದೇ ಬಹಳ ದೇಶಗಳ ಅನುಭವ.

ಮೊದಲ ದಿನ ವಾಂತಿ, ಬಾಯಿ ಗಂಟಲು ಉರಿ, ಹೊಟ್ಟೆನೋವು. ಒಂದೆರಡು ದಿನಕ್ಕೆ ನಾಲಿಗೆ ಮೇಲೆ ಬಿಳಿ ಪೊರೆ ಬಂದು ಸುಲಿಯುತ್ತೆ, ಎಂಜಲು ನುಂಗೋಕಾಗಲ್ಲ, ನೀರು ಅಂತ ಸನ್ನೆ ಮಾಡ್ತಾರೆ. ಎರಡು ಮೂರನೇ ದಿನಕ್ಕೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸೋ ರಕ್ತದ ಟೆಸ್ಟ್) ಏರೋಕೆ ಶುರು, ಮೂತ್ರ ಕಮ್ಮಿ, ಕೆಲವರಿಗೆ ಕಣ್ಣು ಹಳದಿ. ಆಮೇಲೆ ಕಿಡ್ನಿ ಸುಧಾರಿಸ್ತಾ ಇದೆ ಅಂತ ಎಲ್ಲರೂ ಉಸಿರು ಬಿಡೋ ಹೊತ್ತಿಗೆ ಪೇಷಂಟ್‌ದು ಉಸಿರು ಹಿಡಿಯುತ್ತೆ, ಮೊದಲ ವಾರದ ಕೊನೆಯಿಂದ ಎರಡು ಮೂರು ವಾರದ ಒಳಗೆ ಶ್ವಾಸಕೋಶ ಗಟ್ಟಿಯಾಗ್ತಾ ಹೋಗುತ್ತೆ. ತುಂಬಾ ಹೆಚ್ಚು ಹೋಗಿದ್ರೆ ಇಷ್ಟು ಹಂತಗಳೂ ಇರಲ್ಲ, ಎಲ್ಲಾ ಅಂಗ ಒಟ್ಟಿಗೆ ಕೈಬಿಟ್ಟು ಒಂದರಿಂದ ಮೂರು ದಿನದಲ್ಲಿ ಮುಗಿಯುತ್ತೆ.

ಒಳಗೆ ಆಗೋದೇನಂದ್ರೆ, ಆ ಅಣು ಜೀವಕೋಶದಿಂದ ಒಂದು ಎಲೆಕ್ಟ್ರಾನ್ ಕಿತ್ಕೊಂಡು ಆಮ್ಲಜನಕಕ್ಕೆ ಕೊಡುತ್ತೆ, ಆಮ್ಲಜನಕ ಕೆರಳಿ ಸುತ್ತ ಇದ್ದದ್ದನ್ನ ಸುಡುತ್ತೆ, ಪ್ಯಾರಾಕ್ವಾಟ್ ಮಾತ್ರ ಖರ್ಚಾಗದೆ ಮತ್ತೆ ಮೊದಲಿನ ಹಾಗೇ ಆಗಿ ಇನ್ನೊಂದು ಎಲೆಕ್ಟ್ರಾನ್‌ಗೆ ಬರುತ್ತೆ. ಗಾಣದ ಎತ್ತು ಸುತ್ತಿದ ಹಾಗೆ. ದುರದೃಷ್ಟ ಏನಂದ್ರೆ ಶ್ವಾಸಕೋಶದ ಜೀವಕೋಶಗಳಲ್ಲಿ ಪಾಲಿಅಮೀನ್ ಅನ್ನೋ ಬೇರೆ ವಸ್ತುಗಳನ್ನ ಒಳಗೆ ಎಳ್ಕೊಳೋ ಬಾಗಿಲಿದೆ, ಪ್ಯಾರಾಕ್ವಾಟ್ ನೋಡೋಕೆ ಹಾಗೇ ಇರೋದ್ರಿಂದ ಅದೇ ಬಾಗಿಲಿಂದ ಹೋಗಿ, ರಕ್ತದಲ್ಲಿರೋದಕ್ಕಿಂತ ಎಷ್ಟೋ ಪಟ್ಟು ಅಲ್ಲಿ ಕೂಡಿಬಿಡುತ್ತೆ.

ಪೇಷಂಟ್‌ಗೆ ಕೊನೆವರೆಗೂ ಪ್ರಜ್ಞೆ ಇರುತ್ತೆ. ಬದುಕಿಸಿ ಡಾಕ್ಟ್ರೇ ಅಂತ ಕೈ ಹಿಡ್ಕೊಳ್ತಾರೆ. ಇದನ್ನ ಇಲ್ಲಿಗೇ ಬಿಡ್ತೀನಿ.

ಉಸಿರಾಡೋಕೆ ಕಷ್ಟ ಪಡ್ತಿದ್ರೂ ಆಕ್ಸಿಜನ್ ಹಾಕ್ಲಿಲ್ಲ, ನಿರ್ಲಕ್ಷ್ಯ ಅಲ್ವಾ ಇದು?

ಇದೊಂದಕ್ಕೆ ಎಷ್ಟು ಜಗಳ ಆಗಿದೆಯೋ. ಮೇಲೆ ಹೇಳಿದ ಗಾಣಕ್ಕೆ ಎಳ್ಳು ಅಂದ್ರೆ ಆಮ್ಲಜನಕವೇ, ಜಾಸ್ತಿ ಕೊಟ್ರೆ ಜಾಸ್ತಿ ಸುಡುತ್ತೆ. ಅದಕ್ಕೆ ಪ್ಯಾರಾಕ್ವಾಟ್ ಕೇಸಲ್ಲಿ ರಕ್ತದ ಆಮ್ಲಜನಕದ ಮಟ್ಟ (ಸ್ಯಾಚುರೇಷನ್) 90ರ ಆಸುಪಾಸಿಗಿಂತ ಕೆಳಗೆ ಬಿದ್ರೆ ಮಾತ್ರ, ಅದೂ ಎಷ್ಟು ಬೇಕೋ ಅಷ್ಟೇ ಕೊಡ್ತಾರೆ. ಕೊನೆ ಹಂತದಲ್ಲಿ, ಉಳಿಯಲ್ಲ ಅಂತ ಗೊತ್ತಾದ್ಮೇಲೆ, ಉಸಿರುಗಟ್ಟೋ ಸಂಕಟ ತಗ್ಗಿಸೋಕೆ ಆಕ್ಸಿಜನ್ನೂ ಮಾರ್ಫಿನ್ನೂ ಧಾರಾಳವಾಗಿ ಕೊಡ್ಬೇಕು, ಆಗ ಲೆಕ್ಕ ಬೇರೆ. ಬೇರೆ ಕಳೆನಾಶಕಕ್ಕೆ ಈ ನಿಯಮ ಇಲ್ಲ. ಇದನ್ನ ಮನೆಯವರಿಗೆ ಮೊದಲೇ ಕೂರಿಸಿ ಹೇಳೋದು ಡಾಕ್ಟರ ಕೆಲಸ, ಹೇಳದೇ ಇದ್ರೆ ಜನ ಕೂಗಾಡೋದು ಸಹಜ.

ರೌಂಡಪ್ ಅಂದ್ರೆ ಏನೂ ಆಗಲ್ಲ, ಅದು ಗಿಡಕ್ಕೆ ಮಾತ್ರ ವಿಷ ಅಂತಾರಲ್ಲ?

ಅರ್ಧ ನಿಜ. ಗ್ಲೈಫೋಸೇಟ್ ಗಿಡದಲ್ಲಿ ತಡೆಯೋ ಕಿಣ್ವ ಮನುಷ್ಯನಲ್ಲಿ ಇಲ್ಲ. ಆದ್ರೆ ಬಾಟ್ಲೀಲಿರೋದು ಬರೀ ಗ್ಲೈಫೋಸೇಟ್ ಅಲ್ಲ, ಎಲೆಗೆ ಅಂಟಿ ಒಳಗಿಳೀಲಿ ಅಂತ ಸೋಪಿನಂಥ ರಾಸಾಯನಿಕ ಬೆರೆಸಿರ್ತಾರೆ, ಹಳೇ ಮಿಶ್ರಣಗಳಲ್ಲಿ ಪಿಒಇಎ ಅಂತ. ಕುಡಿದೋರಿಗೆ ತೊಂದ್ರೆ ಕೊಡೋದ್ರಲ್ಲಿ ಅದರ ಪಾಲು ದೊಡ್ಡದು. ಹೊಟ್ಟೆ ಕರುಳು ಸುಟ್ಟು ವಾಂತಿ ಭೇದಿ, ಬಿಪಿ ಬಿದ್ದು ಡ್ರಿಪ್ಪಿಗೂ ಏಳದೆ ಇರೋದು, ರಕ್ತ ಆಮ್ಲೀಯ ಆಗೋದು, ಪೊಟ್ಯಾಸಿಯಂ ಏರೋದು, ಶ್ವಾಸಕೋಶದಲ್ಲಿ ನೀರು, ಕಿಡ್ನಿ ಪೆಟ್ಟು.

ಶ್ರೀಲಂಕಾದಲ್ಲಿ 601 ಜನ ಪೇಷಂಟ್‌ಗಳನ್ನ ಹಿಂಬಾಲಿಸಿ 2010ರಲ್ಲಿ ಪ್ರಕಟ ಮಾಡಿದ ಅಧ್ಯಯನದಲ್ಲಿ ಸತ್ತೋರು 3.2%. ಅಂದ್ರೆ ಬಹಳಷ್ಟು ಜನ ಮನೆಗೆ ಹೋಗ್ತಾರೆ. ಹೋಗದೇ ಇರೋರು ಸಾಮಾನ್ಯವಾಗಿ ವಯಸ್ಸಾದವರು, ಹೆಚ್ಚು ಕುಡಿದೋರು, ಬಂದಾಗಲೇ ಉಸಿರಿನ ತೊಂದ್ರೆ, ಕಿಡ್ನಿ ತೊಂದ್ರೆ ಇದ್ದೋರು. ಇದಕ್ಕೂ ಪ್ರತಿವಿಷ ಇಲ್ಲ, ಡ್ರಿಪ್, ಬಿಪಿ ಏರಿಸೋ ಇಂಜೆಕ್ಷನ್, ವೆಂಟಿಲೇಟರ್, ಬೇಕಾದ್ರೆ ಡಯಾಲಿಸಿಸ್, ಇವುಗಳಿಂದ್ಲೇ ದಾಟಿಸ್ಬೇಕು, ದಾಟ್ತಾರೆ ಕೂಡ. ಅಂದ ಹಾಗೆ ಕೇಂದ್ರ ಸರ್ಕಾರ 2022ರ ಅಕ್ಟೋಬರಲ್ಲಿ ಗ್ಲೈಫೋಸೇಟನ್ನ ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳು ಮಾತ್ರ ಹೊಡೀಬೇಕು ಅಂತ ಆದೇಶ ಮಾಡಿದೆ. ನಮ್ಮೂರಲ್ಲಿ ಆ ಆಪರೇಟರ್ ಯಾರು ಅಂತ ನಾನಿನ್ನೂ ಹುಡುಕ್ತಾ ಇದೀನಿ.

ರಾತ್ರಿ ಚೆನ್ನಾಗಿದ್ದ, ಬೆಳಗ್ಗೆ ಇದ್ದಕ್ಕಿದ್ದಂಗೆ ಫಿಟ್ಸ್ ಬಂತು. ಆಸ್ಪತ್ರೆಯೋರು ಏನೋ ತಪ್ಪು ಇಂಜೆಕ್ಷನ್ ಕೊಟ್ರಾ?

ಬಾಟ್ಲಿ ಮೇಲೆ ಗ್ಲುಫೋಸಿನೇಟ್ ಅಮೋನಿಯಂ ಅಂತ ಇತ್ತಾ ನೋಡಿ. ಹೆಸರು ಗ್ಲೈಫೋಸೇಟ್ ಥರಾನೇ ಕೇಳ್ಸುತ್ತೆ, ಅಂಗಡೀಲೂ ಕೇಸ್ ಶೀಟಲ್ಲೂ ಅದಲುಬದಲಾಗುತ್ತೆ, ಆದ್ರೆ ಸ್ವಭಾವ ಬೇರೆ. ಇದು ಮೊದಲು ಬರೀ ವಾಂತಿ ಮಾಡಿಸಿ ಸುಮ್ನಾಗುತ್ತೆ, ಆಮೇಲೆ ಹೆಚ್ಚಾಗಿ 8ರಿಂದ 24 ಗಂಟೆ ನಡುವೆ, ಕೆಲವರಲ್ಲಿ ಎರಡು ದಿನ ಕಳೆದ ಮೇಲೂ, ಮಂಪರು, ಫಿಟ್ಸ್, ಉಸಿರು ನಿಧಾನ ಆಗೋದು ಬರುತ್ತೆ. ಗಿಡದಲ್ಲೂ ನಮ್ಮಲ್ಲೂ ಅಮೋನಿಯಾ ಸಂಭಾಳಿಸೋ ಒಂದೇ ಕಿಣ್ವವನ್ನ ಇದು ಹಿಡಿಯುತ್ತೆ, ಅದಕ್ಕೆ ರಕ್ತದ ಅಮೋನಿಯಾ ಪದೇ ಪದೇ ನೋಡ್ತಾ ಇರ್ತಾರೆ. ಜಪಾನ್, ಕೊರಿಯಾ ಡಾಕ್ಟರುಗಳು ಇದರ ಬಗ್ಗೆ ಬಹಳ ಬರೆದಿದ್ದಾರೆ, ಅಲ್ಲಿ ಇದರ ಬಳಕೆ ಜಾಸ್ತಿ.

ಟೈಮಿಗೆ ವೆಂಟಿಲೇಟರ್ ಸಿಕ್ರೆ ಹೆಚ್ಚಿನವರು ಬದುಕ್ತಾರೆ. ಎದ್ದ ಮೇಲೆ ಕೆಲವರಿಗೆ ಆ ದಿನಗಳು ನೆನಪಿರಲ್ಲ, ಹೊಸದಾಗಿ ಹೇಳಿದ್ದೂ ತಲೇಲಿ ನಿಲ್ಲಲ್ಲ, ನಿಧಾನಕ್ಕೆ ಸರಿಹೋಗುತ್ತೆ.

ಕಬ್ಬಿಗೆ ಜೋಳಕ್ಕೆ ಹೊಡಿಯೋ 2,4-ಡಿ ಕುಡಿದ್ರೆ?

ವಾಂತಿ, ಆಮೇಲೆ ಮಂಪರು, ಮೈ ಸುಡೋ ಜ್ವರ, ಮಾಂಸಖಂಡ ಬಿಗಿದು ನಡುಗೋದು. ಜೀವಕೋಶ ಇಂಧನ ಸುಟ್ರೂ ಶಕ್ತಿ ಆಗದೆ ಬರೀ ಬಿಸಿ ಆಗ್ತಾ ಇರುತ್ತೆ. ಸ್ನಾಯು ಒಡೆದು ಮೂತ್ರ ಕಪ್ಪು ಕಾಫಿ ಬಣ್ಣ ಬಂದ್ರೆ ಕಿಡ್ನಿಗೆ ಅಪಾಯ. ಆದ್ರೆ ಇದರಲ್ಲಿ ಒಂದು ದಾರಿ ಇದೆ, ಸೋಡಾಬೈಕಾರ್ಬ್ ಡ್ರಿಪ್ ಕೊಟ್ಟು ಮೂತ್ರವನ್ನ ಕ್ಷಾರೀಯ ಮಾಡಿದ್ರೆ ವಿಷ ಮೂತ್ರದಲ್ಲಿ ಬೇಗ ಹೊರಗೆ ಹೋಗುತ್ತೆ, ಡಯಾಲಿಸಿಸ್ಸೂ ಸಹಾಯ ಮಾಡುತ್ತೆ. ಇದಕ್ಕೇ ನಾನು ಹೆಸರು ಹೆಸರು ಅನ್ನೋದು, 2,4-ಡಿ ಅಂತ ಗೊತ್ತಿಲ್ದೆ ಹೋದ್ರೆ ಈ ಬೈಕಾರ್ಬ್ ಯಾರಿಗೂ ಹೊಳೆಯಲ್ಲ.

ಭತ್ತದ ಗದ್ದೆಗೆ ಹಾಕೋವು?

ಬ್ಯುಟಾಕ್ಲೋರ್, ಪ್ರೆಟಿಲಾಕ್ಲೋರ್ ಕುಡಿದು ಬಂದೋರಲ್ಲಿ ಹೆಚ್ಚಿನವರು ವಾಂತಿ, ತಲೆಸುತ್ತು, ಸ್ವಲ್ಪ ಮಂಪರಲ್ಲಿ ಎರಡು ಮೂರು ದಿನ ಇದ್ದು ಮನೆಗೆ ಹೋಗ್ತಾರೆ, ಕೆಲವರಿಗೆ ಮಾತ್ರ ಫಿಟ್ಸ್, ಬಿಪಿ ಬೀಳೋದು. ಪ್ರೊಪನಿಲ್ ಬೇರೆ ಜಾತಿ, ಶ್ರೀಲಂಕಾದ ಭತ್ತದ ಸೀಮೆಯಲ್ಲಿ ತುಂಬಾ ಕಾಟ ಕೊಟ್ಟಿದ್ದು. ಅದು ರಕ್ತದ ಹಿಮೋಗ್ಲೋಬಿನ್ನನ್ನ ಆಮ್ಲಜನಕ ಹೊರದ ಹಾಗೆ ಬದಲಾಯಿಸುತ್ತೆ, ತುಟಿ ಉಗುರು ನೀಲಿ, ರಕ್ತ ಚಾಕೊಲೇಟ್ ಬಣ್ಣ, ಆಕ್ಸಿಜನ್ ಹಾಕಿದ್ರೂ ನೀಲಿ ಹೋಗಲ್ಲ. ಅದಕ್ಕೆ ಮೆಥಿಲೀನ್ ಬ್ಲೂ ಅನ್ನೋ ಔಷಧಿ ಇದೆ. ಹೌದು, ನೀಲಿ ಆದವರಿಗೆ ನೀಲಿ ಇಂಜೆಕ್ಷನ್. ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರೋರಿಗೆ ಮಾತ್ರ ಅದು ಕೊಡುವಾಗ ಹುಷಾರಾಗಿರ್ಬೇಕು, ಮನೇಲಿ ಯಾರಿಗಾದ್ರೂ ಇದ್ರೆ ಹೇಳಿ.

## ಸ್ವಲ್ಪ ಆಳಕ್ಕೆ

ಮೂತ್ರ ತಗೊಂಡು ಏನೋ ಪುಡಿ ಹಾಕಿ ನೋಡಿದ್ರು, ನೀಲಿ ಬಂತು ಅಂದ್ರು. ಏನದು?

ಡೈಥಯೊನೈಟ್ ಟೆಸ್ಟ್. ಮೂತ್ರಕ್ಕೆ ಸೋಡಾ, ಸೋಡಿಯಂ ಡೈಥಯೊನೈಟ್ ಹಾಕಿದ್ರೆ ಪ್ಯಾರಾಕ್ವಾಟ್ ಇದ್ರೆ ನೀಲಿ ತಿರುಗುತ್ತೆ, ಅದರ ತಮ್ಮ ಡೈಕ್ವಾಟ್ ಇದ್ರೆ ಹಸಿರು. ಬಣ್ಣ ಗಾಢ ಇದ್ದಷ್ಟೂ ಸುದ್ದಿ ಕೆಟ್ಟದ್ದು. ಕುಡಿದು ಆರು ಗಂಟೆ ದಾಟಿದ ಮೂತ್ರದಲ್ಲೂ ಬಣ್ಣ ಬರ್ಲಿಲ್ಲ ಅಂದ್ರೆ ದೊಡ್ಡ ಸಮಾಧಾನ, ಒಂದು ಗಂಟೆಗೇ ಮಾಡಿ ಬರ್ಲಿಲ್ಲ ಅಂದ್ರೆ ಮತ್ತೆ ಮಾಡ್ಬೇಕು. ಟೆಸ್ಟಿಗೆ ಬೇಕಾಗಿರೋದು ಒಂದು ಪುಡಿ, ಒಂದು ಟ್ಯೂಬು, ಆದ್ರೂ ಎಷ್ಟೋ ಆಸ್ಪತ್ರೇಲಿ ಆ ಪುಡಿ ಇರಲ್ಲ.

ರಕ್ತದಲ್ಲಿ ಪ್ಯಾರಾಕ್ವಾಟ್ ಪ್ರಮಾಣ ಅಳೆದು, ಕುಡಿದ ಗಂಟೆ ಜೊತೆ ಗ್ರಾಫಲ್ಲಿ ಇಟ್ಟು ಉಳಿಯೋ ಸಾಧ್ಯತೆ ಹೇಳೋ ಕ್ರಮ 1979ರಿಂದ ಇದೆ, ಆದ್ರೆ ಆ ರಿಪೋರ್ಟ್ ಕೈಗೆ ಸಿಗೋ ಲ್ಯಾಬು ನಮ್ಮಲ್ಲಿ ಅಪರೂಪ. ಹಾಗಾಗಿ ನಾವು ನೋಡೋದು ಕ್ರಿಯಾಟಿನಿನ್ ಎಷ್ಟು ವೇಗವಾಗಿ ಏರ್ತಿದೆ, ರಕ್ತದಲ್ಲಿ ಲ್ಯಾಕ್ಟೇಟ್ ಅನ್ನೋ ಆಮ್ಲ ಎಷ್ಟು, ಆರ್ಟರಿಯಿಂದ ತೆಗೆದ ರಕ್ತದಲ್ಲಿ ಆಮ್ಲಜನಕ ಎಷ್ಟು, ಸಿಟಿ ಸ್ಕ್ಯಾನಲ್ಲಿ ಶ್ವಾಸಕೋಶ ಎಷ್ಟು ಮಬ್ಬಾಗಿದೆ. ಕುಡಿದ ಗಂಟೆ ಬರೆದಿಡಿ ಅಂದಿದ್ದು ಇದಕ್ಕೆ.

ರಕ್ತ ಶುದ್ಧಿ ಮಾಡಿಸ್ಬೇಕು, ದುಡ್ಡು ರೆಡಿ ಮಾಡಿ ಅಂತಿದ್ದಾರೆ. ಜಮೀನು ಅಡ ಇಡ್ಲಾ?

ಇದು ಹಿಮೋಪರ್ಫ್ಯೂಷನ್, ರಕ್ತವನ್ನ ಇದ್ದಿಲಿನ ಫಿಲ್ಟರ್ ಮೂಲಕ ಹಾಯಿಸೋದು. ಪ್ಯಾರಾಕ್ವಾಟಲ್ಲಿ ಇದರಿಂದ ಏನಾದ್ರೂ ಆಗೋದಿದ್ರೆ ಕುಡಿದ ಸುಮಾರು ನಾಲ್ಕು ಗಂಟೆ ಒಳಗೆ. ಆಮೇಲೆ ವಿಷ ರಕ್ತ ಬಿಟ್ಟು ಶ್ವಾಸಕೋಶದಲ್ಲಿ ಕೂತಿರುತ್ತೆ, ರಕ್ತ ಎಷ್ಟು ತೊಳೆದ್ರೂ ಅಲ್ಲಿರೋದು ಬರಲ್ಲ. ಎರಡನೇ ದಿನ, ಮೂರನೇ ದಿನ ಸೆಷನ್ ಮೇಲೆ ಸೆಷನ್ ಅಂದ್ರೆ ಕೂತು ಕೇಳಿ, ಇದರಿಂದ ಏನು ಬದಲಾಗುತ್ತೆ ಅಂತ. ಕಿಡ್ನಿ ನಿಂತಿದ್ದಕ್ಕೆ ಮಾಡೋ ಮಾಮೂಲಿ ಡಯಾಲಿಸಿಸ್ ಬೇರೆ, ಅದು ಬೇಕಾಗ್ಬಹುದು, ಎರಡನ್ನೂ ಒಂದೇ ಅಂದ್ಕೋಬೇಡಿ. ಉಳಿಯೋ ಸಾಧ್ಯತೆ ಎಷ್ಟು ಅಂತ ನೇರವಾಗಿ ಕೇಳೋಕೆ ನಿಮಗೆ ಹಕ್ಕಿದೆ, ಸರ್ಕಾರಿ ಮೆಡಿಕಲ್ ಕಾಲೇಜಿಗೆ ಬರ್ಕೊಡಿ ಅಂತ ಕೇಳೋಕೂ ಇದೆ. ಜಮೀನೂ ಹೋಗಿ ಮಗನೂ ಹೋದ ಮನೆಗಳು ನನಗೆ ಗೊತ್ತು.

ಸ್ಟಿರಾಯ್ಡ್ ಪಲ್ಸ್, ಕ್ಯಾನ್ಸರ್ ಇಂಜೆಕ್ಷನ್, ಲಂಗ್ ಟ್ರಾನ್ಸ್‌ಪ್ಲಾಂಟ್ ಇವೆಲ್ಲಾ?

ಪ್ಯಾರಾಕ್ವಾಟ್ ಕುಡಿದೋರಿಗೆ ಮೀಥೈಲ್ ಪ್ರೆಡ್ನಿಸೊಲೋನ್ (ಸ್ಟಿರಾಯ್ಡ್), ಸೈಕ್ಲೋಫಾಸ್ಫಮೈಡ್ (ಕ್ಯಾನ್ಸರ್ ಇಂಜೆಕ್ಷನ್) ಕೊಟ್ರೆ ಶ್ವಾಸಕೋಶದ ಉರಿಯೂತ ತಗ್ಗುತ್ತೆ ಅನ್ನೋ ಆಸೆ ಹಳೇದು. ಸಣ್ಣ ಅಧ್ಯಯನಗಳಲ್ಲಿ ಲಾಭ ಕಾಣಿಸ್ತು, ಆಮೇಲೆ ಶ್ರೀಲಂಕಾದಲ್ಲಿ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ದೊಡ್ಡದಾಗಿ ನೋಡಿದ್ರೆ ಸಾವು ಕಮ್ಮಿ ಆಗ್ಲಿಲ್ಲ. ಆದ್ರೂ ಬಹಳ ಕಡೆ ಕೊಡ್ತಾರೆ, ಸುಮ್ನೆ ನೋಡ್ತಾ ನಿಲ್ಲೋಕೆ ಯಾವ ಡಾಕ್ಟರಿಗೂ ಕೈ ಬರಲ್ಲ, ನಾನೂ ಕೊಟ್ಟಿದೀನಿ. ವಿಟಮಿನ್ ಸಿ, ಎನ್-ಅಸಿಟೈಲ್ ಸಿಸ್ಟೀನ್ ಕಥೆಯೂ ಹೆಚ್ಚುಕಮ್ಮಿ ಇದೇ.

ಟ್ರಾನ್ಸ್‌ಪ್ಲಾಂಟ್ 1968ರಷ್ಟು ಹಿಂದೇನೇ ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿ 15 ವರ್ಷದ ಹುಡುಗನಿಗೆ ಮಾಡಿದ್ರು, ಹಾಕಿದ ಹೊಸ ಶ್ವಾಸಕೋಶಕ್ಕೂ ಪೆಟ್ಟಾಯ್ತು, ಹುಡುಗ ಉಳೀಲಿಲ್ಲ. ಮೈಯಲ್ಲಿ ವಿಷ ಉಳಿದಿರೋವರೆಗೆ ಹೊಸದು ಹಾಕಿ ಪ್ರಯೋಜನ ಇಲ್ಲ. ಆಮೇಲಿನ ವರ್ಷಗಳಲ್ಲಿ ವಾರಗಟ್ಟಲೆ ಕಾದು ಮಾಡಿ ಗೆದ್ದಿರೋದು ಬೆರಳೆಣಿಕೆಯಷ್ಟು.

ಬದುಕಿ ಬಂದ್ರೆ ಮುಂದೆ ಜೀವನ ಪೂರ್ತಿ ತೊಂದ್ರೆನಾ?

ಕಿಡ್ನಿ ಸಾಮಾನ್ಯವಾಗಿ ಪೂರ್ತಿ ಸುಧಾರಿಸುತ್ತೆ, ಡಯಾಲಿಸಿಸ್ ಹತ್ತಿದ್ರೂ ಬಿಡುತ್ತೆ. ಬಾಯಿ ಹುಣ್ಣು ಮಾಯುತ್ತೆ. ಅನ್ನನಾಳ ಆಳವಾಗಿ ಸುಟ್ಟಿದ್ರೆ ಕೆಲವು ವಾರ ಕಳೆದು ಕಿರಿದಾಗಿ ಮುದ್ದೆ, ರೊಟ್ಟಿ ಇಳಿಯಲ್ಲ, ಎಂಡೋಸ್ಕೋಪಿಲಿ ಹಿಗ್ಗಿಸ್ಬೇಕಾಗುತ್ತೆ. ಪ್ಯಾರಾಕ್ವಾಟಿಂದ ಉಳಿದೋರ ಶ್ವಾಸಕೋಶ ತಿಂಗಳುಗಟ್ಟಲೆ ನಿಧಾನವಾಗಿ ತೆರ್ಕೊಳುತ್ತೆ, ಕೆಲವರಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಉಳ್ಕೊಳುತ್ತೆ. ಬೀಡಿ ಬಿಡ್ಬೇಕು, ಶ್ವಾಸಕೋಶದ ಟೆಸ್ಟಿಗೆ ಹೇಳಿದ ದಿನಕ್ಕೆ ಹೋಗ್ಬೇಕು. ಗರ್ಭಿಣಿಯರಾಗಿದ್ರೆ ಪ್ಯಾರಾಕ್ವಾಟ್ ಮಗುವಿಗೂ ದಾಟುತ್ತೆ, ಹೆರಿಗೆ ಡಾಕ್ಟರನ್ನ ಮೊದಲ ದಿನದಿಂದ್ಲೇ ಸೇರಿಸ್ಕೋಬೇಕು.

ಇಷ್ಟು ಕೆಟ್ಟದ್ದು ಅಂದ್ರೆ ಬ್ಯಾನ್ ಯಾಕೆ ಮಾಡಲ್ಲ? ಮಾಡಿದ್ರೆ ರೈತ ಏನು ಮಾಡ್ಬೇಕು?

ಪ್ಯಾರಾಕ್ವಾಟನ್ನ ಬಹಳ ಕಡೆ ಬ್ಯಾನ್ ಮಾಡಿದ್ದಾರೆ. ಸ್ವೀಡನ್ 1983ರಲ್ಲಿ, ಯುರೋಪ್ ಒಕ್ಕೂಟದಲ್ಲಿ 2007ರ ಕೋರ್ಟ್ ತೀರ್ಪಿಂದ, ಶ್ರೀಲಂಕಾ 2008ರಿಂದ ಹಂತ ಹಂತವಾಗಿ, ದಕ್ಷಿಣ ಕೊರಿಯಾ 2011-12ರಲ್ಲಿ, ಥಾಯ್ಲೆಂಡ್, ಬ್ರೆಜಿಲ್ 2020ರಲ್ಲಿ. ಕೊರಿಯಾದಲ್ಲಿ ಕೃಷಿ ವಿಷದ ಆತ್ಮಹತ್ಯೆ ಸಾವು ಎರಡು ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳೀತು. ನಮ್ಮ ಪಕ್ಕದ ಕೇರಳ 2011ರಲ್ಲೇ ಪ್ಯಾರಾಕ್ವಾಟ್ ನಿಲ್ಲಿಸ್ತು. ಒಡಿಶಾದ ಬುರ್ಲಾ ಮೆಡಿಕಲ್ ಕಾಲೇಜಿನ ಡಾಕ್ಟರುಗಳು ಸಾವು ನೋಡಿ ನೋಡಿ ಸಾಕಾಗಿ 2019ರಲ್ಲಿ ಇದನ್ನ ನಿಲ್ಲಿಸಿ ಅಂತ ದನಿ ಎತ್ತಿದ್ರು.

ರೈತನ ಕಷ್ಟ ನಂಗೂ ಗೊತ್ತು, ನಮ್ಮ ಮನೇಲೂ ಹೊಲ ಇದೆ, ಕಳೆ ಕೀಳೋಕೆ ಆಳು ಸಿಗಲ್ಲ, ಸಿಕ್ರೂ ಕೂಲಿ ಕೊಡೋಕಾಗಲ್ಲ. ಆದ್ರೆ ಕೊರಿಯಾದಲ್ಲಿ ನೋಡಿದಾಗ ಬೆಳೆ ಇಳುವರಿ ಅದರಿಂದ ಬೀಳ್ಲಿಲ್ಲ. ಪ್ರತಿವಿಷ ಇಲ್ಲದ ಒಂದನ್ನ ತೆಗೆದ್ರೆ ಉಳಿದ ಕಳೆನಾಶಕ ಇದ್ದೇ ಇರ್ತವೆ, ನನ್ನ ಮಾತು ಅಷ್ಟೇ.

ಡಿಸ್ಚಾರ್ಜ್ ಆಗಿ ಮನೆಗೆ ಬಂದಿದ್ದಾನೆ, ಅವನ ಹತ್ರ ಆ ವಿಷಯ ಎತ್ತಬಹುದಾ? ಎತ್ತಿದ್ರೆ ಮತ್ತೆ ಮಾಡ್ಕೊಂಡ್ರೆ?

ಎತ್ತಿ. ಕೇಳಿದ್ರಿಂದ ಯಾರಿಗೂ ಹೊಸದಾಗಿ ಆ ಯೋಚನೆ ಬರಲ್ಲ. "ಈಗ ಹೇಗನ್ಸುತ್ತೆ, ಮತ್ತೆ ಹಾಗೆ ಅನ್ಸುತ್ತಾ" ಅಂತ ನೇರವಾಗಿ, ಬೈಯದೆ ಕೇಳಿ. ನಾನು ಮಾತಾಡಿಸಿದೋರಲ್ಲಿ ಬಹಳ ಜನ ತಿಂಗಳುಗಟ್ಟಲೆ ಯೋಚಿಸಿ ಕುಡಿದೋರಲ್ಲ, ಸಾಲದವನು ಬಂದು ಹೋದ, ಮನೇಲಿ ಮಾತಿಗೆ ಮಾತು ಬೆಳೀತು, ಬಾಟ್ಲಿ ಹಿತ್ತಲ ಬಾಗಿಲ ಹಿಂದೇನೇ ಇತ್ತು, ಹತ್ತು ನಿಮಿಷದಲ್ಲಿ ಆಗಿಹೋಯ್ತು ಅಂತಾರೆ. ಅದಕ್ಕೆ ಮೊದಲ ಕೆಲಸ ಮನೇಲಿ ಔಷಧಿ ಇಡೋದು ನಿಲ್ಲಿಸೋದು. ಎಷ್ಟು ಬೇಕೋ ಅಷ್ಟೇ ತಂದು ಅವತ್ತೇ ಖಾಲಿ ಮಾಡಿ, ಉಳಿದ್ರೆ ಬೀಗ ಹಾಕಿ, ಬೀಗದ ಕೈ ಇನ್ನೊಬ್ಬರ ಹತ್ರ ಇರ್ಲಿ. ಕೂಲ್‌ಡ್ರಿಂಕ್ಸ್ ಬಾಟ್ಲಿಗೆ ಯಾವತ್ತೂ ಸುರೀಬೇಡಿ, ಮಕ್ಕಳು ಕುಡಿದು ಬರೋದು ಹಾಗೇ.

ಟೆಲಿ ಮಾನಸ್ ಅಂತ ಸರ್ಕಾರದ ಫ್ರೀ ನಂಬರ್ ಇದೆ, 14416, 24 ಗಂಟೆನೂ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ಅದನ್ನ ನೋಡ್ಕೊಳೋದ್ರಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ದೇ ಮುಖ್ಯ ಪಾತ್ರ. ಅವನೇ ಮಾಡ್ಬೇಕು ಅಂತಿಲ್ಲ, ಹೇಗೆ ಮಾತಾಡಿಸ್ಬೇಕು ಅಂತ ನೀವೂ ಫೋನ್ ಮಾಡಿ ಕೇಳ್ಬಹುದು. ಇದನ್ನ ಓದ್ತಾ ಇರೋ ನಿಮಗೇ ಆ ಥರ ಅನ್ನಿಸ್ತಿದ್ರೆ ಆ ನಂಬರ್ ನಿಮಗೂ ಹೌದು, ಈಗಲೇ ಮಾಡಿ, ಪಕ್ಕದಲ್ಲಿರೋರನ್ನ ಎಬ್ಬಿಸಿ. ಡಿಸ್ಚಾರ್ಜ್ ಚೀಟೀಲಿ ಮನೋವೈದ್ಯರ ಹತ್ರ ಹೋಗಿ ಅಂತ ಬರೆದಿದ್ರೆ ಕಿಡ್ನಿ ಟೆಸ್ಟಿಗೆ ಹೋಗೋ ದಿನಾನೇ ಅದನ್ನೂ ಮುಗಿಸ್ಕೊಂಡು ಬನ್ನಿ, ಬೇರೆ ದಿನ ಅಂದ್ರೆ ಯಾರೂ ಬಸ್ ಹತ್ತಲ್ಲ.